ತಂತ್ರಾಂಶಕ್ಕೆ ಬುತ್ತಿ ಕಟ್ಟುವುದು: ಅಧಿಕೃತ ಆ್ಯಪ್‌ಇಮೇಜ್ ಕೊಡಬೇಕೇ, ಕೊಡುವುದಾದರೆ ಹೇಗೆ

ಹುಬ್ಬಳ್ಳಿಯಲ್ಲಿ ಕುಳಿತು ಬರೆದ ಮುಕ್ತ ತಂತ್ರಾಂಶ ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಓಡಬೇಕು ಅಂದುಕೊಳ್ಳಿ. ಆ ಅಂಗಡಿಯ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ 21 ಇದೆ. ರಾಣೇಬೆನ್ನೂರಿನ ಇನ್ನೊಂದು ಅಂಗಡಿಯಲ್ಲಿ ಡೆಬಿಯನ್ 12. ಧಾರವಾಡದ ಕಾಲೇಜು ಲ್ಯಾಬಿನಲ್ಲಿ ಉಬುಂಟು 24.04, ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಹುಡುಗರ ಕೈಗೆ ಸಿಗುವುದಿಲ್ಲ. ಮೂರೂ ಕಡೆ ಲೈಬ್ರರಿಗಳ (ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ) ಆವೃತ್ತಿ ಬೇರೆ ಬೇರೆ. ಡೆಬಿಯನ್ ಭಂಡಾರಕ್ಕೆ ಸೇರಿಸೋಣ ಎಂದರೆ ಅಲ್ಲಿನ ಸ್ಥಿರ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಮಾರುಕಟ್ಟೆ ಸೆಸ್ ದರ ಬದಲಾದ ಮರುದಿನವೇ ಹೊಸ ಆವೃತ್ತಿ ಬೇಕಾಗುವ ಅಂಗಡಿಗೆ ಈ ಗತಿ ಸಾಲದು.

ಹೀಗಾಗಿ ಬೇಕಾದ ಲೈಬ್ರರಿಗಳನ್ನೆಲ್ಲ ಒಳಗೇ ತುಂಬಿಕೊಂಡ ಪ್ಯಾಕೇಜಿನ ಮಾತು ಬರುತ್ತದೆ: ಆ್ಯಪ್‌ಇಮೇಜ್, ಫ್ಲಾಟ್‌ಪ್ಯಾಕ್, ಸ್ನ್ಯಾಪ್. ಡಿಸ್ಟ್ರೋದ (ಉಬುಂಟು, ಡೆಬಿಯನ್, ಮಿಂಟ್‌ನಂಥ ಲಿನಕ್ಸ್ ವಿತರಣೆಯ) ಪ್ಯಾಕೇಜು ಖಾನಾವಳಿ ಊಟದಂತೆ. ಅಡುಗೆಯ ಜವಾಬ್ದಾರಿ ಖಾನಾವಳಿಯವರದು. ಒಳತುಂಬಿದ ಪ್ಯಾಕೇಜು ಬುತ್ತಿ. ಎಲ್ಲಿ ಬೇಕಾದರೂ ಬಿಚ್ಚಿ ಉಣ್ಣಬಹುದು, ಆದರೆ ಹಳಸಿದರೆ ಬೈಸಿಕೊಳ್ಳುವವರು ಕಟ್ಟಿದವರೇ. ಕೊಡಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಬಹಳ ಮಂದಿ ಡಿಸ್ಕ್ ಜಾಗದ ಬಗ್ಗೆಯೇ ವಾದ ಮಾಡುತ್ತಾರೆ. ಜಾಗ ದೊಡ್ಡ ಸಂಗತಿಯಲ್ಲ. ಬುತ್ತಿಯಲ್ಲಿ ಬೇಗ ಹಳಸುವಂಥದ್ದು ಏನಿದೆ, ಹೊಸದಾಗಿ ಕಟ್ಟಿಕೊಡಲು ಯಾರಿದ್ದಾರೆ, ಇವೆರಡನ್ನೇ ನೋಡಬೇಕು.

ಉದಾಹರಣೆಗೆ ಒಂದು ಕಲ್ಪಿತ ತಂತ್ರಾಂಶ ಇಟ್ಟುಕೊಳ್ಳೋಣ. ಹೆಸರು ‘ಪಟ್ಟಿ’. ರೈತರು ತಂದ ಚೀಲಗಳ ತೂಕ, ದರ ಬರೆದುಕೊಂಡು, ಹಮಾಲಿ ಮುಂತಾದ ಖರ್ಚು ಕಳೆದು, ರೈತನ ಕೈಗೆ ಕೊಡುವ ಲೆಕ್ಕದ ಪಟ್ಟಿಯನ್ನು ಪ್ರಿಂಟ್ ಮಾಡುವುದು ಇದರ ಕೆಲಸ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ಕಿಟಕಿ, ಗುಂಡಿ ಬಿಡಿಸುವ ಕ್ಯೂಟಿ 6 ಲೈಬ್ರರಿಗಳ ಮೇಲೆ ನಿಂತಿದೆ, ಲೆಕ್ಕ ಎಸ್‌ಕ್ಯೂಲೈಟ್ (ಪುಟ್ಟ ಡೇಟಾಬೇಸ್) ಕಡತದಲ್ಲಿ ಉಳಿಯುತ್ತದೆ.

ಮೊದಲು ಬುತ್ತಿ ಬಿಚ್ಚಿ ನೋಡಿ

ತಂತ್ರಾಂಶದ ಬೈನರಿ (ಕಂಪೈಲ್ ಆಗಿ ಬಂದ, ಓಡುವ ಕಡತ) ಮೇಲೆ ಎಲ್‌ಡಿಡಿ ಆದೇಶ ಓಡಿಸಿ. ಅದು ಯಾವ ಯಾವ ಲೈಬ್ರರಿಯನ್ನು ಕರೆಯುತ್ತದೆ ಎಂಬ ಪಟ್ಟಿ ಬರುತ್ತದೆ, ಐವತ್ತು ಅರವತ್ತು ಸಾಲು ಬಂದರೆ ಗಾಬರಿ ಬೇಡ. ಅದನ್ನು ಮೂರು ಗುಂಪು ಮಾಡಿ.

ಖಡಕ್ ರೊಟ್ಟಿಯಂಥವು ಮೊದಲ ಗುಂಪು, ಬೇಗ ಕೆಡುವುದಿಲ್ಲ: ಕ್ಯೂಟಿಯ ವಿಜೆಟ್ ಲೈಬ್ರರಿ, ಎಸ್‌ಕ್ಯೂಲೈಟ್, ಬೇರೆ ಬೇರೆ ಭಾಷೆಗಳ ಪಠ್ಯ ನಿಭಾಯಿಸುವ ಐಸಿಯು. ಇವುಗಳಲ್ಲಿ ದೋಷ ಬರುವುದೇ ಇಲ್ಲ ಎಂದಲ್ಲ. ಆದರೆ ‘ಪಟ್ಟಿ’ ತೆರೆಯುವುದು ಅಂಗಡಿಯವರೇ ಬರೆದ ಕಡತವನ್ನು. ಹೊರಗಿನವರು ಕಳಿಸಿದ ಏನನ್ನೂ ಅದು ಓದುವುದಿಲ್ಲ.

ಮೊಸರನ್ನದಂಥವು ಎರಡನೇ ಗುಂಪು, ಸಂಜೆಗೇ ಹುಳಿ: ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್, ಜಿಎನ್‌ಯುಟಿಎಲ್‌ಎಸ್, ನೆಟ್‌ನಿಂದ ಕಡತ ತರುವ ಲಿಬ್‌ಕರ್ಲ್, ಚಿತ್ರ ಮತ್ತು ವಿಡಿಯೊ ಬಿಡಿಸುವ ಲೈಬ್ರರಿಗಳು, ಎಲ್ಲಕ್ಕಿಂತ ಮಿಗಿಲಾಗಿ ಕ್ರೋಮಿಯಂ ಎಂಬ ಬ್ರೌಸರ್ ಎಂಜಿನ್. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದಾಗ ಡಿಸ್ಟ್ರೋಗಳು ಒಂದು ಪ್ಯಾಕೇಜು ಬದಲಿಸಿದವು, ಅದನ್ನು ನೆಚ್ಚಿದ್ದ ತಂತ್ರಾಂಶಗಳಿಗೆಲ್ಲ ಪರಿಹಾರ ಸಿಕ್ಕಿತು. 2023ರ ಸೆಪ್ಟೆಂಬರಿನಲ್ಲಿ ಚಿತ್ರ ಬಿಡಿಸುವ ಲಿಬ್‌ವೆಬ್‌ಪಿ ಲೈಬ್ರರಿಯ ದೋಷ ಬಂದಾಗ ಆಟ ಬೇರೆಯಾಗಿತ್ತು. ಅದನ್ನು ಒಳಗೇ ಕಟ್ಟಿಕೊಂಡಿದ್ದ ಎಲೆಕ್ಟ್ರಾನ್ (ಕ್ರೋಮಿಯಂ ಮೇಲೆ ನಿಂತ) ತಂತ್ರಾಂಶಗಳು ಒಂದೊಂದೂ ಪ್ರತ್ಯೇಕವಾಗಿ ಹೊಸ ಆವೃತ್ತಿ ಬಿಡಬೇಕಾಯಿತು. ಬಿಡದವು ದೋಷ ಹೊತ್ತುಕೊಂಡೇ ಉಳಿದವು.

ಮೂರನೇ ಗುಂಪು ಬುತ್ತಿಗೆ ಹಾಕಲೇಬಾರದವು: ಎಲ್ಲ ತಂತ್ರಾಂಶಕ್ಕೂ ತಳಹದಿಯಾದ ಸಿ ಲೈಬ್ರರಿ ಜಿಲಿಬ್‌ಸಿ, ಗ್ರಾಫಿಕ್ಸ್‌ನ ಲಿಬ್‌ಜಿಎಲ್, ಪರದೆಯ ಎಕ್ಸ್11 ಲೈಬ್ರರಿಗಳು, ಫಾಂಟು ಹುಡುಕಿ ಬಿಡಿಸುವ ಫಾಂಟ್‌ಕಾನ್ಫಿಗ್, ಫ್ರೀಟೈಪ್, ಅಕ್ಷರ ಜೋಡಿಸುವ ಹಾರ್ಫ್‌ಬಜ್. ಇವು ಆಯಾ ಕಂಪ್ಯೂಟರಿನ ಕರ್ನೆಲ್, ಗ್ರಾಫಿಕ್ಸ್ ಡ್ರೈವರ್, ಫಾಂಟು ವ್ಯವಸ್ಥೆಗೆ ಹೊಂದಿಕೊಂಡಿರಬೇಕು. ಆ್ಯಪ್‌ಇಮೇಜ್ ಯೋಜನೆಯವರು ‘ಎಕ್ಸ್‌ಕ್ಲೂಡ್‌ಲಿಸ್ಟ್’ ಎಂಬ ಹೊರಗಿಡುವ ಪಟ್ಟಿಯನ್ನೇ ಇಟ್ಟಿದ್ದಾರೆ, ಆ್ಯಪ್‌ಇಮೇಜ್ ಕಟ್ಟುವ ಉಪಕರಣವಾದ ಲಿನಕ್ಸ್‌ಡಿಪ್ಲಾಯ್ ಅದನ್ನು ತಾನಾಗಿ ಪಾಲಿಸುತ್ತದೆ.

ಎರಡನೇ ಗುಂಪು ಖಾಲಿ ಮಾಡುವುದೇ ಈಗಿನ ಕೆಲಸ. ‘ಪಟ್ಟಿ’ಯ ಸಹಾಯ ಪುಟ ತೋರಿಸಲೆಂದು ಕ್ಯೂಟಿ ವೆಬ್‌ಎಂಜಿನ್ (ಒಳಗೆ ಕ್ರೋಮಿಯಂ ಇರುವುದು) ಬಳಸಿದ್ದರೆ ಕಿತ್ತು ಹಾಕಿ, ಸಾದಾ ಪಠ್ಯ ತೋರಿಸುವ ವಿಜೆಟ್ ಸಾಕು. ಒಂದು ಸಹಾಯ ಪುಟಕ್ಕಾಗಿ ಇಡೀ ಬ್ರೌಸರನ್ನು ಹೊತ್ತು, ಅದರ ದೋಷಗಳನ್ನೂ ಹೊರುವುದು ದುಬಾರಿ ಬಾಬತ್ತು. ಹೊಸ ಆವೃತ್ತಿ ಇದೆಯೇ ಎಂದು ನೋಡಲು ಕ್ಯೂಟಿ ನೆಟ್‌ವರ್ಕ್ ಸೇರಿಸಿದ್ದರೆ ಅದನ್ನೂ ತೆಗೆಯಿರಿ. ಗುಂಡಿ ಒತ್ತಿದರೆ ಅಂಗಡಿಯ ಬ್ರೌಸರಿನಲ್ಲಿ ನಿಮ್ಮ ಬಿಡುಗಡೆ ಪುಟ ತೆರೆಯುವಂತೆ ಮಾಡಿ. ಆ ಬ್ರೌಸರನ್ನು ಹೊಸದಾಗಿಡುವ ಕೆಲಸ ಡಿಸ್ಟ್ರೋದವರದು.

ಇಲ್ಲೊಂದು ಕಳ್ಳದಾರಿ ಇದೆ, ಗಮನಿಸಿ. ಪ್ರಿಂಟ್‌ಗೆಂದು ಲಿಬ್‌ಕಪ್ಸ್ ಬರುತ್ತದೆ, ಅದರ ಬಾಲ ಹಿಡಿದು ಜಿಎನ್‌ಯುಟಿಎಲ್‌ಎಸ್, ಕರ್ಬೆರೋಸ್, ಅವಾಹಿ ಲೈಬ್ರರಿಗಳು ಒಳನುಗ್ಗುತ್ತವೆ. ಡೆಸ್ಕ್‌ಟಾಪ್ ಇರುವ ಯಾವ ಉಬುಂಟು, ಮಿಂಟ್, ಡೆಬಿಯನ್ನಿನಲ್ಲೂ ಲಿಬ್‌ಕಪ್ಸ್ ಇದ್ದೇ ಇರುತ್ತದೆ. ಹಾಗಾಗಿ ಲಿನಕ್ಸ್‌ಡಿಪ್ಲಾಯ್‌ಗೆ ‘ಎಕ್ಸ್‌ಕ್ಲೂಡ್ ಲೈಬ್ರರಿ’ ಆಯ್ಕೆ ಕೊಟ್ಟು ಅದನ್ನು ಹೊರಗಿಡಿ. ಕಟ್ಟಿದ ಮೇಲೆ ಲಿಬ್ ಫೋಲ್ಡರ್ ತೆರೆದು ಬಾಲಗಳು ಉಳಿದಿವೆಯೇ ನೋಡಿ, ಉಳಿದಿದ್ದರೆ ಅವನ್ನೂ ಅದೇ ಆಯ್ಕೆಗೆ ಸೇರಿಸಿ ಮತ್ತೆ ಕಟ್ಟಿ.

‘ಅಧಿಕೃತ’ ಎಂದು ಬರೆಯುವ ಮುನ್ನ

ನೀವು ಕೊಡದಿದ್ದರೂ ಬೇರೆ ಯಾರಾದರೂ ಕಟ್ಟಿ ಹಂಚುತ್ತಾರೆ, ದೂರು ಮಾತ್ರ ನಿಮ್ಮ ಬಾಗಿಲಿಗೇ ಬರುತ್ತದೆ. 2025ರ ಫೆಬ್ರವರಿಯಲ್ಲಿ ವಿಡಿಯೊ ರೆಕಾರ್ಡಿಂಗ್ ತಂತ್ರಾಂಶ ಒಬಿಎಸ್ ಸ್ಟುಡಿಯೊದ ತಂಡ ಇದನ್ನೇ ಹೇಳಿ ಜಗಳಕ್ಕಿಳಿಯಿತು. ಫೆಡೋರಾ ಡಿಸ್ಟ್ರೋ ತಾನೇ ಕಟ್ಟಿದ್ದ ಒಬಿಎಸ್ ಫ್ಲಾಟ್‌ಪ್ಯಾಕ್ ಸರಿಯಾಗಿ ಓಡುತ್ತಿರಲಿಲ್ಲ. ಅದೇ ಅಧಿಕೃತ ಎಂದುಕೊಂಡ ಬಳಕೆದಾರರು ಒಬಿಎಸ್‌ನವರ ಬಳಿ ದೂರು ತರುತ್ತಿದ್ದರು. ಇ-ಪುಸ್ತಕಗಳ ಕ್ಯಾಲಿಬರ್ ತಂತ್ರಾಂಶದವರಂತೂ ಡಿಸ್ಟ್ರೋ ಪ್ಯಾಕೇಜು ಬೇಡ, ನಮ್ಮದೇ ಬೈನರಿ ಬಳಸಿ ಎಂದು ಇಳಿಸಿಕೊಳ್ಳುವ ಪುಟದಲ್ಲೇ ಬರೆದಿದ್ದಾರೆ. ಕ್ರಿಟಾ, ಕೆಡೆನ್‌ಲೈವ್, ಫ್ರೀಕ್ಯಾಡ್ ಮುಂತಾದವು ತಾವೇ ಆ್ಯಪ್‌ಇಮೇಜ್ ಕೊಡುತ್ತವೆ.

ಇವೆಲ್ಲ ದೊಡ್ಡ ತಂಡಗಳು. ಇಬ್ಬರು ಮೂವರ ತಂಡ ಅಧಿಕೃತ ಎಂಬ ಪದ ಹಾಕುವುದಾದರೆ ಇಷ್ಟನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಒಳಗಿರುವ ಲೈಬ್ರರಿಯಲ್ಲಿ ಗಂಭೀರ ದೋಷ ಪ್ರಕಟವಾದ 7 ದಿನದೊಳಗೆ ಮರುಕಟ್ಟಿದ ಆವೃತ್ತಿ ಬಿಡಲು ಒಬ್ಬರ ಹೆಸರು ಗೊತ್ತಿರಬೇಕು. ಅವರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರ ಹೆಸರೂ ಬೇಕು. ಸಹಿ ಮಾಡುವ ಕೀಲಿ ಇಬ್ಬರ ಬಳಿ ಇರಬೇಕು. ಇದು ಆಗುವುದಿಲ್ಲ ಎಂದರೆ ನಾಚಿಕೆಪಡಬೇಕಾದ್ದೇನೂ ಇಲ್ಲ. ಮೂಲ ಕೋಡ್, ಕಟ್ಟುವ ಕ್ರಮ ಕೊಟ್ಟು ಸುಮ್ಮನಿರಿ.

ಆಗುತ್ತದೆ ಎಂದರೆ ಒಂದೇ ರೂಪ ಆರಿಸಿಕೊಳ್ಳಿ. ಮೂರನ್ನೂ ಅಧಿಕೃತ ಮಾಡಿದರೆ ಪ್ರತಿ ಬಿಡುಗಡೆಗೂ ಮೂರು ಪಟ್ಟು ಪರೀಕ್ಷೆ, ಆ ಉತ್ಸಾಹ ಮೂರನೇ ತಿಂಗಳಿಗೆ ಇಳಿಯುತ್ತದೆ. ಸ್ನ್ಯಾಪ್ ಕಡತಗಳು ಬರುವುದು ಉಬುಂಟು ಮಾಡುವ ಕ್ಯಾನೊನಿಕಲ್ ಕಂಪನಿಯ ಒಂದೇ ಅಂಗಡಿಯಿಂದ, ಲಿನಕ್ಸ್ ಮಿಂಟ್ 2020ರ 20ನೇ ಆವೃತ್ತಿಯಿಂದ ಸ್ನ್ಯಾಪನ್ನು ಮೊದಲಿಗೇ ತಡೆದಿದೆ. ಮಿಂಟ್ ಓಡುವ ಅಂಗಡಿಗಳಿಗೆ ಅದು ಹೊಂದದು. ‘ಪಟ್ಟಿ’ಯಂಥ, ನೆಟ್ ಬೇಡದ, ಸಣ್ಣ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಆ್ಯಪ್‌ಇಮೇಜೇ ಸರಿ: ಒಂದೇ ಕಡತ, ಪಾಸ್‌ವರ್ಡ್ ಬೇಡ, ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಎರಡನೇ ಗುಂಪನ್ನು ಎಷ್ಟು ಪ್ರಯತ್ನಿಸಿದರೂ ಖಾಲಿ ಮಾಡಲಾಗದಿದ್ದರೆ, ಅಂದರೆ ವೆಬ್, ವಿಡಿಯೊ, ಟಿಎಲ್‌ಎಸ್ (ಗುಪ್ತ ನೆಟ್ ಸಂಪರ್ಕ) ಬೇಕೇ ಬೇಕು ಎಂದರೆ, ಫ್ಲಾಟ್‌ಪ್ಯಾಕ್ ಆರಿಸಿ. ಅಲ್ಲಿ ಅವುಗಳಲ್ಲಿ ಬಹುಪಾಲು ರನ್‌ಟೈಮ್ ಎಂಬ ಹಂಚಿಕೆಯ ಪದರದಲ್ಲಿರುತ್ತವೆ, ಅದನ್ನು ಸರಿಪಡಿಸುವವರು ಬೇರೆ ಇದ್ದಾರೆ.

ಯಾವ ಒಲೆಯ ಮೇಲೆ ಕಟ್ಟಬೇಕು

ಜಿಲಿಬ್‌ಸಿ ಒಳಗೆ ತುಂಬಲಾಗದು ಎಂದೆವಷ್ಟೆ. ಅದು ಹಿಂದಿನ ಬೈನರಿಗಳನ್ನು ಓಡಿಸುತ್ತದೆ, ಮುಂದಿನವನ್ನು ಓಡಿಸದು. ನಿಮ್ಮ ಉಬುಂಟು 24.04 ಲ್ಯಾಪ್‌ಟಾಪಿನಲ್ಲೇ ಕಟ್ಟಿ ಕಳಿಸಿದರೆ ಬ್ಯಾಡಗಿಯ ಮಿಂಟ್ 21ರಲ್ಲಿ ‘ಜಿಲಿಬ್‌ಸಿ 2.38 ಸಿಗಲಿಲ್ಲ’ ಎಂಬಂಥ ಸಾಲು ಟರ್ಮಿನಲ್ಲಿನಲ್ಲಿ ಬಂದು ಅಲ್ಲಿಗೇ ನಿಲ್ಲುತ್ತದೆ. ಅಂಗಡಿಯವರು ಟರ್ಮಿನಲ್ ತೆರೆಯುವುದಿಲ್ಲ, ಅವರಿಗೆ ಕಾಣುವುದು ಒತ್ತಿದರೂ ಏನೂ ಆಗದ ಐಕಾನ್.

ಲೆಕ್ಕ ಹೀಗಿದೆ. ಉಬುಂಟು 20.04 ಮತ್ತು ಡೆಬಿಯನ್ 11ರಲ್ಲಿ ಜಿಲಿಬ್‌ಸಿ 2.31. ಉಬುಂಟು 22.04, ಅದರ ಮೇಲೆ ನಿಂತ ಮಿಂಟ್ 21ರಲ್ಲಿ 2.35. ಡೆಬಿಯನ್ 12ರಲ್ಲಿ 2.36. ಉಬುಂಟು 24.04, ಮಿಂಟ್ 22ರಲ್ಲಿ 2.39. ಡೆಬಿಯನ್ 12 ಹಳೆಯದು, ಸ್ಥಿರ, ಅದರ ಮೇಲೆ ಕಟ್ಟಿದರೆ ಸಾಕು ಎನಿಸುತ್ತದೆ. ಆದರೆ ಮಿಂಟ್ 21 ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ. ಒಂದಂಕಿಯ ವ್ಯತ್ಯಾಸಕ್ಕೆ ಅಂಗಡಿ ಕೈತಪ್ಪುತ್ತದೆ. ಆದ್ದರಿಂದ ಉಬುಂಟು 22.04 ಮೇಲೆ ಕಟ್ಟಿ. 20.04ಕ್ಕೆ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ಅದನ್ನು ಇನ್ನೂ ಓಡಿಸುವ ಲ್ಯಾಬಿನವರಿಗೆ ‘ಮೊದಲು ಓಎಸ್ ಏರಿಸಿ’ ಎಂದು ಹೇಳುವುದೇ ಅವರಿಗೂ ಒಳ್ಳೆಯದು.

ಲ್ಯಾಪ್‌ಟಾಪಿಗೆ 22.04 ಹಾಕಬೇಕಿಲ್ಲ. ಪಾಡ್‌ಮನ್ ಕಂಟೇನರಿನಲ್ಲಿ (ಲ್ಯಾಪ್‌ಟಾಪಿನೊಳಗೇ ಪ್ರತ್ಯೇಕವಾಗಿ ತೆರೆಯುವ ಇನ್ನೊಂದು ಲಿನಕ್ಸ್ ಕೋಣೆ) ಉಬುಂಟು 22.04 ತೆರೆದು ಬಿಲ್ಡ್-ಎಸೆನ್ಷಿಯಲ್, ಸಿಮೇಕ್, ಕ್ಯೂಟಿ 6 ಬೇಸ್‌ನ ಡೆವ್ ಪ್ಯಾಕೇಜು, ‘ಫೈಲ್’ ಎಂಬ ಪುಟ್ಟ ಉಪಕರಣ, ಡಬ್ಲ್ಯುಗೆಟ್ ಇವನ್ನು ಹಾಕಿ. ಇಲ್ಲಿ ಸಿಗುವ ಕ್ಯೂಟಿ 6.2.4. ಅದಕ್ಕಿಂತ ಹೊಸ ಕ್ಯೂಟಿಯ ಸೌಲಭ್ಯ ಬಳಸಿದ್ದರೆ ಕಂಪೈಲ್ ಇಲ್ಲೇ ಮುರಿಯುತ್ತದೆ. ಅಂಗಡಿಯಲ್ಲಿ ಮುರಿಯುವುದಕ್ಕಿಂತ ಇಲ್ಲಿ ಮುರಿಯಲಿ.

ಕಟ್ಟುವ ಕ್ರಮ

ಕಂಪೈಲ್ ನಡೆಸುವ ಸಿಮೇಕ್‌ಗೆ ಇನ್‌ಸ್ಟಾಲ್ ಪ್ರಿಫಿಕ್ಸ್ ‘/ಯುಎಸ್‌ಆರ್’, ಬಿಲ್ಡ್ ಟೈಪ್ ‘ರಿಲೀಸ್’ ಎಂದು ಕೊಡಿ. ಇನ್‌ಸ್ಟಾಲ್ ಹಂತದಲ್ಲಿ ಡೆಸ್ಟ್‌ಡಿರ್ ಚರವನ್ನು ‘ಆ್ಯಪ್‌ಡಿರ್’ ಎಂಬ ಫೋಲ್ಡರಿಗೆ ತಿರುಗಿಸಿ. ಅದರೊಳಗೆ ಡೆಸ್ಕ್‌ಟಾಪ್ ಕಡತ (ಮೆನುವಿಗೆ ತಂತ್ರಾಂಶದ ಹೆಸರು, ಐಕಾನ್ ತಿಳಿಸುವುದು) ಮತ್ತು 256 ಪಿಕ್ಸೆಲಿನ ಪಿಎನ್‌ಜಿ ಐಕಾನ್ ಇರಬೇಕು. ಡೆಸ್ಕ್‌ಟಾಪ್ ಕಡತದ ಐಕಾನ್ ಸಾಲಿನಲ್ಲಿ ಹೆಸರು ಮಾತ್ರ ಬರೆಯಿರಿ. ಕೊನೆಗೆ ‘.ಪಿಎನ್‌ಜಿ’ ಸೇರಿಸಿದರೆ ಲಿನಕ್ಸ್‌ಡಿಪ್ಲಾಯ್ ಐಕಾನ್ ಸಿಗಲಿಲ್ಲ ಎಂದು ಹಟ ಹಿಡಿಯುತ್ತದೆ, ಕಾರಣ ಹುಡುಕಲು ಅರ್ಧ ದಿನ ಹೋಗುತ್ತದೆ.

ಈಗ ಲಿನಕ್ಸ್‌ಡಿಪ್ಲಾಯ್, ಅದರ ಕ್ಯೂಟಿ ಪ್ಲಗಿನ್ ಎರಡನ್ನೂ ಇಳಿಸಿಕೊಳ್ಳಿ. ಅವೂ ಆ್ಯಪ್‌ಇಮೇಜುಗಳೇ. ಕಂಟೇನರಿನಲ್ಲಿ ಫ್ಯೂಸ್ (ಆ್ಯಪ್‌ಇಮೇಜನ್ನು ಫೋಲ್ಡರಿನಂತೆ ತೆರೆದುಕೊಡುವ ಸೌಲಭ್ಯ) ಇರುವುದಿಲ್ಲ, ಹಾಗಾಗಿ ನೇರ ಓಡಿಸಿದರೆ ಬೀಳುತ್ತವೆ. ‘ಆ್ಯಪ್‌ಇಮೇಜ್ ಎಕ್ಸ್‌ಟ್ರಾಕ್ಟ್ ಆ್ಯಂಡ್ ರನ್’ ಎಂಬ ಪರಿಸರ ಚರವನ್ನು 1 ಮಾಡಿ (ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್). ‘ಕ್ಯೂಮೇಕ್’ ಚರಕ್ಕೆ ಕ್ಯೂಮೇಕ್6ರ ಪೂರ್ಣ ದಾರಿ ಕೊಡಿ, ಇಲ್ಲದಿದ್ದರೆ ಪ್ಲಗಿನ್ ಕ್ಯೂಟಿ 5 ಹುಡುಕಿಕೊಂಡು ಹೋಗಬಹುದು. ಆಮೇಲೆ ಆ್ಯಪ್‌ಡಿರ್, ಬೈನರಿ, ಡೆಸ್ಕ್‌ಟಾಪ್ ಕಡತ, ಐಕಾನ್ ತೋರಿಸಿ, ಔಟ್‌ಪುಟ್ ಆ್ಯಪ್‌ಇಮೇಜ್ ಎಂದು ಹೇಳಿ ಓಡಿಸಿ. ಬರುವ ಕಡತ ಸಾಮಾನ್ಯವಾಗಿ 30ರಿಂದ 50 ಎಂಬಿ. 150 ದಾಟಿದರೆ ಬೇಡದ್ದೇನೋ ಒಳಗೆ ಹೋಗಿದೆ.

ಕಟ್ಟಿದ ಕಡತವನ್ನು ‘ಆ್ಯಪ್‌ಇಮೇಜ್-ಎಕ್ಸ್‌ಟ್ರಾಕ್ಟ್’ ಆಯ್ಕೆಯಿಂದ ಬಿಚ್ಚಿ, ಪ್ಲಗಿನ್‌ಗಳ ಫೋಲ್ಡರಿನಲ್ಲಿ ಮೂರು ಕಡೆ ಕಣ್ಣು ಹಾಯಿಸಿ.

‘ಎಸ್‌ಕ್ಯೂಎಲ್ ಡ್ರೈವರ್ಸ್’ ಫೋಲ್ಡರಿನಲ್ಲಿ ಎಸ್‌ಕ್ಯೂಲೈಟ್ ಮಾತ್ರ ಸಾಕು. ಕ್ಯೂಟಿಯವರ ಸ್ವಂತ ಇನ್‌ಸ್ಟಾಲರಿನಿಂದ ಬಂದ ಕ್ಯೂಟಿ ಬಳಸಿದ್ದರೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಡ್ರೈವರ್‌ಗಳೂ ಇರುತ್ತವೆ, ಅವುಗಳ ಲೈಬ್ರರಿ ಸಿಗದೆ ಲಿನಕ್ಸ್‌ಡಿಪ್ಲಾಯ್ ಅರ್ಧದಲ್ಲೇ ನಿಲ್ಲುತ್ತದೆ. ಆ ಡ್ರೈವರ್ ಕಡತಗಳನ್ನು ಕಂಟೇನರಿನಿಂದಲೇ ಅಳಿಸಿಬಿಡಿ.

‘ಪ್ರಿಂಟ್‌ಸಪೋರ್ಟ್’ ಫೋಲ್ಡರಿನಲ್ಲಿ ಕಪ್ಸ್ ಪ್ಲಗಿನ್ ಇರಲೇಬೇಕು. ಇಲ್ಲದಿದ್ದರೆ ತಂತ್ರಾಂಶ ಚೆನ್ನಾಗಿಯೇ ತೆರೆಯುತ್ತದೆ, ಲೆಕ್ಕವೂ ಸರಿಯಾಗಿ ಬರುತ್ತದೆ, ಪ್ರಿಂಟ್ ಒತ್ತಿದರೆ ಮಾತ್ರ ಪ್ರಿಂಟರ್ ಹೆಸರೇ ಕಾಣದೆ ಪಿಡಿಎಫ್ ಒಂದೇ ಕಾಣುತ್ತದೆ. “ಸರ, ಪಟ್ಟಿ ಪ್ರಿಂಟ್ ಬರವಲ್ದು ನೋಡ್ರಿ” ಎಂಬ ಫೋನಿನ ಹಿಂದೆ ಪ್ರಿಂಟರ್ ಕೆಟ್ಟಿರುವುದಕ್ಕಿಂತ ಈ ಒಂದು ಕಡತ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.

‘ಪ್ಲಾಟ್‌ಫಾರ್ಮ್ ಇನ್‌ಪುಟ್ ಕಾಂಟೆಕ್ಸ್ಟ್ಸ್’ ಫೋಲ್ಡರಿನಲ್ಲಿ ಐಬಸ್ (ಕೀಲಿಮಣೆಯಿಂದ ಕನ್ನಡ ಮೂಡಿಸುವ ವ್ಯವಸ್ಥೆ) ಪ್ಲಗಿನ್ ಇರಬೇಕು. ಕನ್ನಡಿಗರ ತಂತ್ರಾಂಶಕ್ಕೆ ಇದೇ ಜೀವಾಳ. ಇದು ಇಲ್ಲದಿದ್ದರೆ ಬೇರೆಲ್ಲ ಕಡೆ ಕನ್ನಡ ಟೈಪಾಗುವ ಕಂಪ್ಯೂಟರಿನಲ್ಲಿ ನಿಮ್ಮ ಕಿಟಕಿಯೊಳಗೆ ಮಾತ್ರ ಇಂಗ್ಲಿಷ್ ಅಕ್ಷರ ಬೀಳುತ್ತದೆ. ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಮಾಡಿದವರಿಗೆ ಈ ದೋಷ ಎಂದೂ ಕಾಣುವುದಿಲ್ಲ. ಐಬಸ್ ಬದಲು ಫ್ಸಿಟಿಕ್ಸ್ 5 ಬಳಸುವವರಿದ್ದರೆ ಅದರ ಪ್ಲಗಿನ್ ಕ್ಯೂಟಿಯೊಂದಿಗೆ ಬರುವುದಿಲ್ಲ, ಬೇರೆಯಾಗಿ ತಂದು ಸೇರಿಸಬೇಕು.

ಅಕ್ಷರಗಳ ಪರೀಕ್ಷೆ

ಫಾಂಟ್‌ಕಾನ್ಫಿಗ್ ಹೊರಗಿಟ್ಟಿದ್ದೇವೆ, ಆದ್ದರಿಂದ ಅಂಗಡಿಯ ಕಂಪ್ಯೂಟರಿನಲ್ಲಿರುವ ಫಾಂಟುಗಳೇ ಗತಿ. ಕನ್ನಡ ಫಾಂಟೇ ಇಲ್ಲದಿದ್ದರೆ ‘ಡಬ್ಬಿ’ ಮೆಣಸಿನಕಾಯಿ ಎಂದು ಬರೆದ ಜಾಗದಲ್ಲಿ ನಿಜಕ್ಕೂ ಡಬ್ಬಿಗಳೇ ಕಾಣುತ್ತವೆ. ನೋಟೊ ಸಾನ್ಸ್ ಕನ್ನಡ ಫಾಂಟನ್ನು ತಂತ್ರಾಂಶದೊಳಗೇ ಇಟ್ಟು, ಶುರುವಾಗುವಾಗ ಕ್ಯೂಟಿಯ ಫಾಂಟ್ ಡೇಟಾಬೇಸಿಗೆ ‘ಆ್ಯಡ್ ಅಪ್ಲಿಕೇಷನ್ ಫಾಂಟ್’ ಮೂಲಕ ಸೇರಿಸಿ. ಅದು ಕೆಲವು ನೂರು ಕೆಬಿ ಅಷ್ಟೆ, ಓಎಫ್‌ಎಲ್ ಎಂಬ ಮುಕ್ತ ಫಾಂಟ್ ಪರವಾನಗಿ ಇರುವುದರಿಂದ ಜೊತೆಗೆ ಹಂಚಬಹುದು, ಪರವಾನಗಿಯ ಪಠ್ಯವನ್ನೂ ಇಡಿ.

ಪರೀಕ್ಷೆಗೆ ‘ಕನ್ನಡ’ ಎಂಬ ಪದ ಸಾಲದು. ಸುತ್ತಲಿನ ಊರ ಹೆಸರುಗಳೇ ಒಳ್ಳೆಯ ಪರೀಕ್ಷೆ: ‘ಲಕ್ಷ್ಮೇಶ್ವರ’ದಲ್ಲಿ ಮೂರು ವ್ಯಂಜನ ಒಂದರ ಕೆಳಗೊಂದು ಕೂತು ಮೇಲೆ ದೀರ್ಘ ಏತ್ವ ಬರುತ್ತದೆ. ‘ಬ್ಯಾಡಗಿ’ ಯ ಒತ್ತನ್ನು, ‘ಶಿಗ್ಗಾಂವಿ’ ದ್ವಿತ್ವ ಮತ್ತು ಸೊನ್ನೆಯನ್ನು, ‘ಕರ್ನಾಟಕ’ ಅರ್ಕಾವೊತ್ತನ್ನು ಪರೀಕ್ಷಿಸುತ್ತದೆ. ‘ರ‍್ಯಾಂಕ್’ ಎಂದು ಬರೆದು ನೋಡಿ. ಅದರೊಳಗೆ ಕಣ್ಣಿಗೆ ಕಾಣದ ಜೋಡಕ ಅಕ್ಷರವಿದೆ, ಅದು ಡೇಟಾಬೇಸಿಗೆ ಹೋಗಿ ಮರಳಿ ಬಂದಾಗಲೂ ಉಳಿದಿರಬೇಕು. ಪರದೆಯ ಮೇಲೆ, ಪಿಡಿಎಫ್‌ನಲ್ಲಿ, ಕಾಗದದ ಮೇಲೆ ಮೂರೂ ಕಡೆ ನೋಡಿ. ಮೂರರಲ್ಲಿ ಒಂದು ಕಡೆ ಮಾತ್ರ ಒತ್ತಕ್ಷರ ಬಿಡಿಬಿಡಿಯಾದರೆ ಅಕ್ಷರ ಜೋಡಿಸುವ ಕೆಲಸ ಆ ದಾರಿಯಲ್ಲಿ ಹಾರ್ಫ್‌ಬಜ್ ತನಕ ಹೋಗಿಲ್ಲ ಎಂದರ್ಥ. 80 ಮಿಮೀ ಥರ್ಮಲ್ ಪ್ರಿಂಟರಿಗೆ ಪಠ್ಯವನ್ನು ನೇರ ಕಳಿಸಿದರೆ ಹೀಗಾಗುತ್ತದೆ. ಪುಟವನ್ನು ಚಿತ್ರವಾಗಿ ಬಿಡಿಸಿ ಕಳಿಸಿ.

ದತ್ತಾಂಶ ಎಲ್ಲಿರುತ್ತದೆ

ಆ್ಯಪ್‌ಇಮೇಜಿನ ಒಳಭಾಗ ಓದಲಷ್ಟೇ, ಬರೆಯಲಾಗದು. ಓಡುವಾಗ ಅದು ಟೆಂಪ್ ಫೋಲ್ಡರಿನಲ್ಲಿ ಪ್ರತಿ ಸಲ ಬೇರೆ ಹೆಸರಿನಲ್ಲಿ ತೆರೆದುಕೊಳ್ಳುತ್ತದೆ. ಬೈನರಿಯ ಪಕ್ಕದಲ್ಲೇ ಲೆಕ್ಕದ ಕಡತ ಇಡುವ ಹಳೆಯ ಅಭ್ಯಾಸ ಇಲ್ಲಿ ನಡೆಯದು. ಅಂಗಡಿಯ ಲೋಗೊ ಅಥವಾ ಮಾದರಿ ಕಡತದ ಪೂರ್ಣ ದಾರಿಯನ್ನು ಸೆಟ್ಟಿಂಗಿನಲ್ಲಿ ಬರೆದಿಟ್ಟರೆ ಇವತ್ತು ಕಂಡದ್ದು ನಾಳೆ ಕಾಣುವುದಿಲ್ಲ. ಕ್ಯೂಟಿಯ ‘ಸ್ಟ್ಯಾಂಡರ್ಡ್ ಪಾತ್ಸ್’ ಕೊಡುವ ಆ್ಯಪ್ ಡೇಟಾ ಜಾಗದಲ್ಲೇ ಡೇಟಾಬೇಸ್ ಇಡಿ. ಆ್ಯಪ್‌ಇಮೇಜ್ ಕಡತ ನಿಜವಾಗಿ ಎಲ್ಲಿದೆ ಎಂದು ತಿಳಿಯಬೇಕಾದರೆ ‘ಆ್ಯಪ್‌ಇಮೇಜ್’ ಎಂಬ ಪರಿಸರ ಚರವೇ ಹೇಳುತ್ತದೆ.

ಇನ್ನೊಂದು: ‘ಪಟ್ಟಿ’ ಪಿಡಿಎಫ್ ತೆರೆಯಲು ಹೊರಗಿನ ತಂತ್ರಾಂಶ ಕರೆದಾಗ ಅದು ತೆರೆದ ಕೂಡಲೇ ಮುಚ್ಚಿಕೊಂಡರೆ ಲೈಬ್ರರಿ ಎಲ್ಲಿ ಹುಡುಕಬೇಕೆಂದು ಹೇಳುವ ಎಲ್‌ಡಿ ಲೈಬ್ರರಿ ಪಾತ್ ಚರದ ಮೇಲೆ ಅನುಮಾನಪಡಿ. ನೀವೇ ಬರೆದ ಆ್ಯಪ್‌ರನ್ (ಆ್ಯಪ್‌ಇಮೇಜ್ ತೆರೆದಾಗ ಮೊದಲು ಓಡುವ) ಕಡತ ಅದನ್ನು ಒಳಗಿನ ಲೈಬ್ರರಿಗಳತ್ತ ತಿರುಗಿಸಿದ್ದರೆ ಹೊರಗಿನ ತಂತ್ರಾಂಶವೂ ನಿಮ್ಮ ಬುತ್ತಿಗೇ ಕೈ ಹಾಕುತ್ತದೆ. ಲಿನಕ್ಸ್‌ಡಿಪ್ಲಾಯ್ ಬೈನರಿಯೊಳಗೇ ದಾರಿ ಬರೆಯುವುದರಿಂದ ಆ ಚರ ಬೇಕಾಗುವುದಿಲ್ಲ. ಸ್ವಂತ ಆ್ಯಪ್‌ರನ್ ಬರೆಯುವುದೇ ಬೇಡ.

ಅಂಗಡಿಯಲ್ಲಿ ಓಡದಿದ್ದರೆ

ಉಬುಂಟು 22.04ರಿಂದ ಲಿಬ್‌ಫ್ಯೂಸ್2 ತಾನಾಗಿ ಬರುವುದಿಲ್ಲ. ಹಳೆಯ ಆ್ಯಪ್‌ಇಮೇಜ್‌ಕಿಟ್‌ನ 12 ಅಥವಾ 13ನೇ ಬಿಡುಗಡೆಯ ಉಪಕರಣದಿಂದ ಕಟ್ಟಿದ ಕಡತಗಳಿಗೆ ಅದು ಬೇಕೇ ಬೇಕು. ಹೊಸ ಆ್ಯಪ್‌ಇಮೇಜ್‌ಟೂಲ್ ಸೇರಿಸುವ ಸ್ಟ್ಯಾಟಿಕ್ ರನ್‌ಟೈಮಿಗೆ ಬೇಡ, ಆದ್ದರಿಂದ ಹೊಸದರಲ್ಲೇ ಕಟ್ಟಿ. ಬೇರೆಯವರ ಹಳೆಯ ಕಡತ ಓಡಿಸಲೇಬೇಕಾದರೆ 22.04ರಲ್ಲಿ ಲಿಬ್‌ಫ್ಯೂಸ್2, 24.04ರಲ್ಲಿ ಲಿಬ್‌ಫ್ಯೂಸ್2ಟಿ64 ಹಾಕಿ. ಬರೀ ‘ಫ್ಯೂಸ್’ ಎಂಬ ಹೆಸರಿನ ಪ್ಯಾಕೇಜು ಹಾಕಬೇಡಿ. ಅದು ಫ್ಯೂಸ್3ನ್ನು ತಳ್ಳಿ, ಜೊತೆಗೆ ಡೆಸ್ಕ್‌ಟಾಪಿನ ಭಾಗಗಳನ್ನೂ ಕಿತ್ತೊಯ್ಯಬಹುದು.

ಪೆನ್‌ಡ್ರೈವಿನಿಂದ ನೇರ ಓಡಿಸಲು ಹೋದರೆ ಆಗುವುದಿಲ್ಲ. ಫ್ಯಾಟ್32 ಡ್ರೈವುಗಳನ್ನು ಡೆಸ್ಕ್‌ಟಾಪ್ ತೆರೆಯುವ ರೀತಿಯಲ್ಲಿ ‘ಓಡಿಸಬಹುದು’ ಎಂಬ ಗುರುತು ಕಡತದ ಮೇಲೆ ನಿಲ್ಲುವುದೇ ಇಲ್ಲ. ಮೊದಲು ಹೋಮ್ ಫೋಲ್ಡರಿಗೆ ನಕಲು ಮಾಡಿ, ಆಮೇಲೆ ಬಲ ಒತ್ತಿ, ಪ್ರಾಪರ್ಟೀಸ್, ಪರ್ಮಿಷನ್ಸ್, ಅಲ್ಲಿ ಓಡಿಸಲು ಅನುಮತಿ ಎಂಬಲ್ಲಿ ಗುರುತು. ಈ ಹೆಜ್ಜೆಗಳನ್ನು ಚಿತ್ರದೊಂದಿಗೆ ಒಂದು ಪುಟದಲ್ಲಿ ಪ್ರಿಂಟ್ ಮಾಡಿ ಅಂಗಡಿಯ ಗೋಡೆಗೆ ಅಂಟಿಸಿದರೆ ಅರ್ಧ ಫೋನು ನಿಲ್ಲುತ್ತದೆ.

‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬಂದರೆ ಅದು ಬಹುಮಟ್ಟಿಗೆ 32 ಬಿಟ್‌ನ ಹಳೆಯ ವ್ಯವಸ್ಥೆ, ಯುನೇಮ್ ಆದೇಶಕ್ಕೆ ‘ಎಂ’ ಕೊಟ್ಟು ಖಾತ್ರಿ ಮಾಡಿಕೊಳ್ಳಿ.

ಪರೀಕ್ಷೆ ಮಾಡುವಾಗ ನಿಮ್ಮ ಲ್ಯಾಪ್‌ಟಾಪ್ ಲೆಕ್ಕಕ್ಕಿಲ್ಲ. ಅದರಲ್ಲಿ ಡೆವ್ ಪ್ಯಾಕೇಜುಗಳೆಲ್ಲ ಇವೆ, ಬಿಟ್ಟುಹೋದದ್ದು ಅಲ್ಲಿ ಸಿಕ್ಕೇ ಸಿಗುತ್ತದೆ. ಮಿಂಟ್ 21.3, ಡೆಬಿಯನ್ 12, ಉಬುಂಟು 24.04 ಇವುಗಳ ಲೈವ್ ಡಿಸ್ಕುಗಳಲ್ಲಿ ಹೊಸದಾಗಿ ಬೂಟ್ ಮಾಡಿ ನೋಡಿ. ಮತ್ತೆ, ಮಾರುಕಟ್ಟೆಯಲ್ಲಿ ಟೆಂಡರ್ ಇರುವ ದಿನ ಹೊಸ ಆವೃತ್ತಿ ಬಿಡಬೇಡಿ, ಜನವರಿಯಿಂದ ಮಾರ್ಚ್ ತನಕ ಆವಕದ ಭರಾಟೆಯಲ್ಲಂತೂ ದೋಷ ತಿದ್ದುವ ಬಿಡುಗಡೆ ಬಿಟ್ಟು ಬೇರೇನೂ ಬೇಡ.

ಸಹಿ, ಮೂಲ ಕೋಡ್, ಗಡುವು

ಆ್ಯಪ್‌ಇಮೇಜ್ ಒಳಗೇ ಸಹಿ ಹಾಕುವ ಸೌಲಭ್ಯವಿದೆ, ಆದರೆ ಓಡುವಾಗ ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಕಡತದ ಪಕ್ಕದಲ್ಲೇ ಶಾ256 ಮೊತ್ತ (ಕಡತ ಬದಲಾಗಿಲ್ಲ ಎಂದು ತಾಳೆ ನೋಡಲು) ಮತ್ತು ಜಿಪಿಜಿ ಸಹಿಯ (ಕಟ್ಟಿದವರು ನೀವೇ ಎಂದು ತೋರಿಸಲು) ಕಡತಗಳನ್ನು ಪ್ರತ್ಯೇಕವಾಗಿ ಇಡಿ.

ಬಹಳ ತಂಡಗಳು ಮರೆಯುವ ಒಂದು ಹೊಣೆ ಇಲ್ಲಿದೆ. ಕ್ಯೂಟಿಯನ್ನು ಡಿಸ್ಟ್ರೋ ಹಂಚಿದಾಗ ಅದರ ಮೂಲ ಕೋಡ್ ಒದಗಿಸುವ ಕರ್ತವ್ಯ ಡಿಸ್ಟ್ರೋದ್ದು. ನೀವು ಬುತ್ತಿಯಲ್ಲಿ ಹಾಕಿ ಹಂಚಿದ ಕ್ಷಣದಿಂದ ಎಲ್‌ಜಿಪಿಎಲ್, ಜಿಪಿಎಲ್ ಪರವಾನಗಿಗಳ ಪ್ರಕಾರ ಆ ಕರ್ತವ್ಯ ನಿಮ್ಮದು. ಕಟ್ಟುವ ಸ್ಕ್ರಿಪ್ಟಿನಲ್ಲೇ ಇದನ್ನು ಸೇರಿಸಿಬಿಡಿ: ಒಳಗೆ ಹೋದ ಪ್ರತಿ ಲೈಬ್ರರಿ ಯಾವ ಪ್ಯಾಕೇಜಿನದು ಎಂದು ಡಿಪಿಕೆಜಿಯಿಂದ ಕೇಳಿ, ಹೆಸರು ಮತ್ತು ಆವೃತ್ತಿಯ ಪಟ್ಟಿ ಮಾಡಿ, ಎಪಿಟಿಯ ‘ಸೋರ್ಸ್’ ಆದೇಶದಿಂದ ಅವುಗಳ ಮೂಲ ಇಳಿಸಿ, ಬಿಡುಗಡೆಯ ಜೊತೆಗೇ ಇಡಿ. ಅದೇ ಪಟ್ಟಿ ಭದ್ರತೆಯ ಕೆಲಸಕ್ಕೂ ಬರುತ್ತದೆ. ಉಬುಂಟುವಿನ ಭದ್ರತಾ ಪ್ರಕಟಣೆ ಬಂದಾಗ ಆ ಹೆಸರು ನಿಮ್ಮ ಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಸಾಕು.

ತಿಂಗಳಿಗೊಮ್ಮೆ ಕಂಟೇನರನ್ನು ಹೊಸದಾಗಿ ಎಳೆದು, ಪ್ಯಾಕೇಜುಗಳನ್ನು ಏರಿಸಿ, ಅದೇ ಕೋಡನ್ನು ಮತ್ತೆ ಕಟ್ಟಿ. ಆವೃತ್ತಿ 2.4.1 ಆಗಿದ್ದರೆ ಮರುಕಟ್ಟಿದ್ದು 2.4.1-2. ತಾನಾಗಿ ಕಟ್ಟಿಕೊಡುವ ಗಿಟ್‌ಹಬ್ ಆ್ಯಕ್ಷನ್ಸ್ ಸೇವೆಯಲ್ಲಿ ಇದನ್ನು ವೇಳಾಪಟ್ಟಿಗೆ ಹಾಕಿದವರಿಗೆ ಒಂದು ಮಾತು: ಸಾರ್ವಜನಿಕ ರೆಪೊದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ವೇಳಾಪಟ್ಟಿಯ ಕೆಲಸ ನಿಂತುಹೋಗುತ್ತದೆ. ಕೋಡ್ ಸ್ಥಿರವಾಗಿ, ಯಾರೂ ಮುಟ್ಟದೆ ಇರುವ ಕಾಲದಲ್ಲೇ ಅದು ಬೇಕಾಗಿರುವುದು. ಕ್ಯಾಲೆಂಡರಿನಲ್ಲಿ ಕೈಯಾರೆ ಗುರುತು ಹಾಕಿಕೊಳ್ಳಿ.

ಅಂಗಡಿಯವರು ನೆಟ್ ಇಲ್ಲದೆ ವರ್ಷಗಟ್ಟಲೆ ಒಂದೇ ಕಡತ ಓಡಿಸುತ್ತಾರೆ. ಪೇಢಾ ಡಬ್ಬಿಯ ಮೇಲೆ ದಿನಾಂಕ ಇರುವಂತೆ ಕಟ್ಟಿದ ದಿನಾಂಕವನ್ನು ಬೈನರಿಯೊಳಗೆ ಬರೆಯಿರಿ, 180 ದಿನ ದಾಟಿದರೆ ಮೇಲ್ಗಡೆ ಒಂದು ಹಳದಿ ಪಟ್ಟಿಯಲ್ಲಿ ‘ಹೊಸ ಕಡತ ತರಿಸಿಕೊಳ್ಳಿ’ ಎಂದು ತೋರಿಸಿ. ತೋರಿಸಿದರೆ ಸಾಕು, ಕೆಲಸ ನಿಲ್ಲಿಸಬೇಡಿ. ರೈತ ಎದುರಿಗೆ ನಿಂತಿರುವಾಗ ಲೆಕ್ಕ ಕೊಡದ ತಂತ್ರಾಂಶವನ್ನು ಯಾರೂ ಎರಡನೇ ಸಲ ಹಾಕಿಸಿಕೊಳ್ಳುವುದಿಲ್ಲ.

ಫ್ಲಾಟ್‌ಪ್ಯಾಕಿಗೆ ಹೋಗುವುದಾದರೆ

ಇಲ್ಲಿನ ಬೇಸ್ ರನ್‌ಟೈಮುಗಳು ವರ್ಷಕ್ಕೊಂದರಂತೆ ಬರುತ್ತವೆ (23.08, 24.08 ಹೀಗೆ), ಒಂದೊಂದಕ್ಕೆ ಸುಮಾರು ಎರಡು ವರ್ಷ ಬೆಂಬಲ. ಅಷ್ಟರೊಳಗೆ ನಿಮ್ಮ ಮ್ಯಾನಿಫೆಸ್ಟಿನಲ್ಲಿ (ಫ್ಲಾಟ್‌ಪ್ಯಾಕ್ ಕಟ್ಟುವ ವಿವರದ ಕಡತದಲ್ಲಿ) ಅಂಕಿ ಏರಿಸದಿದ್ದರೆ ಬೆಂಬಲ ಮುಗಿದ ರನ್‌ಟೈಮ್ ಎಂಬ ಎಚ್ಚರಿಕೆ ಬಳಕೆದಾರರಿಗೆ ಕಾಣುತ್ತದೆ. ನೆಟ್ ನಿಧಾನವಿರುವ ಕಡೆ ನೂರಾರು ಎಂಬಿಯ ರನ್‌ಟೈಮ್ ಇಳಿಸುವುದೇ ತೊಡಕು. ಅದಕ್ಕೆ ‘ಕ್ರಿಯೇಟ್-ಯುಎಸ್‌ಬಿ’ ಉಪ ಆದೇಶವಿದೆ. ಫ್ಲಾಟ್‌ಪ್ಯಾಕುಗಳ ಭಂಡಾರವಾದ ಫ್ಲಾಟ್‌ಹಬ್‌ನ ರಿಮೋಟಿಗೆ ಕಲೆಕ್ಷನ್ ಐಡಿ ಹೊಂದಿಸಿ, ಒಂದು ಕಂಪ್ಯೂಟರಿನಲ್ಲಿ ಇಳಿಸಿದ್ದನ್ನು ಪೆನ್‌ಡ್ರೈವಿಗೆ ತುಂಬಿ, ಲ್ಯಾಬಿನ ಉಳಿದ ಕಂಪ್ಯೂಟರುಗಳಲ್ಲಿ ‘ಸೈಡ್‌ಲೋಡ್ ರೆಪೊ’ ಆಯ್ಕೆಯಿಂದ ಹಾಕಬಹುದು. ‘ಯೂಸರ್’ ಆಯ್ಕೆ ಕೊಟ್ಟರೆ ಅಡ್ಮಿನ್ ಪಾಸ್‌ವರ್ಡೂ ಬೇಡ, ಆದರೆ ಫ್ಲಾಟ್‌ಪ್ಯಾಕ್ ಎಂಬುದು ಮೊದಲೇ ಅಲ್ಲಿರಬೇಕು.

ಆ್ಯಪ್‌ಇಮೇಜಿನಿಂದ ಇದಕ್ಕೆ ಬದಲಾಯಿಸುವ ದಿನ ಒಂದು ಗಂಡಾಂತರ ಕಾದಿರುತ್ತದೆ. ಆ್ಯಪ್‌ಇಮೇಜಿನ ದತ್ತಾಂಶ ಹೋಮ್‌ನ ‘.ಲೋಕಲ್/ಶೇರ್’ ಒಳಗಿದ್ದರೆ ಫ್ಲಾಟ್‌ಪ್ಯಾಕ್ ತನ್ನದನ್ನು ‘.ವಾರ್/ಆ್ಯಪ್’ ಒಳಗೆ ಹುಡುಕುತ್ತದೆ. ಹೊಸದನ್ನು ತೆರೆದ ದಲಾಲರಿಗೆ ಕಾಣುವುದು ಖಾಲಿ ಖಾತೆ, ವರ್ಷದ ಲೆಕ್ಕವೆಲ್ಲ ಹೋಯಿತೆಂದೇ ಎದೆ ಧಸಕ್ಕೆನ್ನುತ್ತದೆ. ಮ್ಯಾನಿಫೆಸ್ಟಿನಲ್ಲಿ ಹಳೆಯ ಫೋಲ್ಡರಿಗೆ ಓದಲಷ್ಟೇ ಅನುಮತಿ ಕೊಟ್ಟು, ಮೊದಲ ಸಲ ತೆರೆದಾಗ ಡೇಟಾಬೇಸನ್ನು ನಕಲು ಮಾಡುವ ಕೋಡ್ ಬರೆಯಿರಿ. ಹಳೆಯದನ್ನು ಅಳಿಸಬೇಡಿ. ಪ್ರಿಂಟ್‌ಗಾಗಿ ಕಪ್ಸ್ ಸಾಕೆಟ್ಟಿನ ಅನುಮತಿಯನ್ನೂ ಮರೆಯದೆ ಕೇಳಿ.

ಕಟ್ಟುವುದನ್ನು ನಿಲ್ಲಿಸಬೇಕಾದಾಗ

ಉಬುಂಟು 22.04 ಸಾಮಾನ್ಯ ಬೆಂಬಲ 2027ರ ಏಪ್ರಿಲ್‌ಗೆ ಮುಗಿಯುತ್ತದೆ. ಅಷ್ಟರೊಳಗೆ 24.04ಕ್ಕೆ ಒಲೆ ಬದಲಿಸಿ, ಮಿಂಟ್ 21, ಡೆಬಿಯನ್ 12 ಎರಡರವರಿಗೂ ಆರು ತಿಂಗಳ ಮುಂಚೆಯೇ ತಿಳಿಸಿ. ತಂಡದಲ್ಲಿ ಕಟ್ಟುವವರೇ ಉಳಿಯದಿದ್ದರೆ ಬಿಡುಗಡೆ ಪುಟದಿಂದ ‘ಅಧಿಕೃತ’ ಎಂಬ ಪದ ತೆಗೆದು, ಕೊನೆಯ ಕಡತದ ಪಕ್ಕದಲ್ಲಿ ಕಟ್ಟಿದ ದಿನಾಂಕ ಮತ್ತು ಇನ್ನು ಮುಂದೆ ಮರುಕಟ್ಟುವುದಿಲ್ಲ ಎಂಬ ಸಾಲು ಹಾಕಿ. ಮೂಲ ಕೋಡಿನ ಕಟ್ಟುಗಳನ್ನು ತೆಗೆಯಬೇಡಿ. ಆ ಕೊನೆಯ ಬಿಡುಗಡೆಯಲ್ಲಿ ಲೆಕ್ಕವನ್ನೆಲ್ಲ ಸಿಎಸ್‌ವಿ ಕಡತವಾಗಿ ಹೊರತೆಗೆಯುವ ಗುಂಡಿ ಇರಲೇಬೇಕು, ಯುಟಿಎಫ್-8ರಲ್ಲಿ, ತಲೆಸಾಲು ಕನ್ನಡದಲ್ಲಿ, ತೂಕ ಕೆಜಿಯಲ್ಲೋ ಕ್ವಿಂಟಲ್‌ನಲ್ಲೋ ಎಂಬುದನ್ನು ಕಾಲಮ್ಮಿನ ಹೆಸರಿನಲ್ಲೇ ಬರೆದು.